ಉಷ್ಣವಿನಿಮಯಕದ ಕೊಳವೆಗಳ ಪರೀಕ್ಷೆ: ವಿಧಾನವನ್ನು ಆರಿಸುವ ಕ್ರಮ

೧. ಪೀಠಿಕೆ

ಪರಸ್ಪರ ಬೆರೆಯಕೂಡದ ಎರಡು ದ್ರವಗಳ ಅಥವಾ ಅನಿಲಗಳ ನಡುವೆ ಉಷ್ಣವು ಮಾತ್ರ ಹರಿಯುವಂತೆ ಏರ್ಪಡಿಸಿದ ಸಾಧನಕ್ಕೆ ಉಷ್ಣವಿನಿಮಯಕವೆಂದು ಹೆಸರು. ವಿದ್ಯುತ್ ಕೇಂದ್ರಗಳಲ್ಲಿ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರು, ತೈಲ ಶುದ್ಧೀಕರಣಾಗಾರಗಳಲ್ಲಿ ಕಾದ ಎಣ್ಣೆಯನ್ನು ತಣಿಸುವ ಕೂಲರು, ಪರಮಾಣು ಕೇಂದ್ರಗಳ ಉಗಿಜನಕ ಇವೆಲ್ಲವೂ ಈ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ರಚನೆ ಒಂದೇ: ದೊಡ್ಡದೊಂದು ಉಕ್ಕಿನ ಕವಚ, ಅದರೊಳಗೆ ಒತ್ತಾಗಿ ಜೋಡಿಸಿದ ನೂರಾರು, ಕೆಲವೆಡೆ ಸಾವಿರಾರು, ಸಣ್ಣ ಕೊಳವೆಗಳು, ಕೊಳವೆಗಳ ತುದಿಗಳನ್ನು ಬಿಗಿಹಿಡಿಯುವ ದಪ್ಪನಾದ ತುದಿಫಲಕಗಳು, ನಡುನಡುವೆ ಅವು ಬಾಗದಂತೆ, ಅದುರದಂತೆ ಒತ್ತಾಸೆಯಾಗಿ ನಿಲ್ಲುವ ಆಧಾರಫಲಕಗಳು. ಒಂದು ದ್ರವ ಕೊಳವೆಗಳ ಒಳಗೂ ಇನ್ನೊಂದು ಅವುಗಳ ಹೊರಗೂ ಹರಿಯುತ್ತದೆ.

ಉಷ್ಣವು ಸುಲಭವಾಗಿ ದಾಟಬೇಕಾದರೆ ಕೊಳವೆಯ ಗೋಡೆ ತೆಳುವಾಗಿರಬೇಕು. ದ್ರವವು ದಾಟಬಾರದೆಂದರೆ ಅದು ದೃಢವಾಗಿರಬೇಕು. ಈ ಎರಡು ಬೇಡಿಕೆಗಳ ನಡುವಣ ಒಪ್ಪಂದವಾಗಿ ಗೋಡೆಯ ದಪ್ಪವು ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಮೀಟರುಗಳಷ್ಟಿರುತ್ತದೆ. ಇಷ್ಟು ತೆಳುವಾದ ಗೋಡೆ ಎಲ್ಲಿಯಾದರೂ ತೂತಾದರೆ ಅದರ ಪರಿಣಾಮ ಆ ಕೊಳವೆಯೊಂದಕ್ಕೇ ಸೀಮಿತವಾಗಿರುವುದಿಲ್ಲ. ಕಂಡೆನ್ಸರಿನಲ್ಲಿ ತಂಪುಗೊಳಿಸುವ ನೀರಿನ ಲವಣಗಳು ಬಾಯ್ಲರಿನ ಶುದ್ಧಜಲವನ್ನು ಕೆಡಿಸುತ್ತವೆ. ತೈಲದ ಕೂಲರಿನಲ್ಲಿ ಉರಿಯಬಲ್ಲ ವಸ್ತು ನೀರಿನೊಡನೆ ಹೊರಕ್ಕೆ ಬರುತ್ತದೆ. ಪರಮಾಣು ಕೇಂದ್ರದಲ್ಲಿ ವಿಕಿರಣಶೀಲ ನೀರು ತನ್ನ ಎಲ್ಲೆಯನ್ನು ಮೀರುತ್ತದೆ.

ಆದ್ದರಿಂದ ಯಂತ್ರವನ್ನು ನಿಲ್ಲಿಸಿದ ಅವಕಾಶದಲ್ಲಿ ಕೊಳವೆಗಳನ್ನು ಪರೀಕ್ಷಿಸುವುದು ವಾಡಿಕೆ. ಆದರೆ ಪರೀಕ್ಷಕನ ಕೈಗೆ ಸಿಕ್ಕುವುದು ತುದಿಫಲಕದಲ್ಲಿ ಬಾಯ್ದೆರೆದಿರುವ ರಂಧ್ರಗಳು ಮಾತ್ರ. ಕೊಳವೆಯ ಹೊರಮೈ ಕಟ್ಟಿನೊಳಗೆ ಹುದುಗಿದೆ. ಕತ್ತರಿಸಿ ನೋಡೋಣವೆಂದರೆ ನೋಡಿದ ಕೊಳವೆ ಉಳಿಯುವುದಿಲ್ಲ. ಒಳಗಿನಿಂದ ಒಂದು ಶೋಧಕವನ್ನು ಕಳುಹಿಸಿ, ವಸ್ತುವಿಗೆ ಹಾನಿಯಾಗದಂತೆ, ಗೋಡೆಯ ಎರಡು ಮೈಗಳ ಸ್ಥಿತಿಯನ್ನೂ ಊಹಿಸಬೇಕಾಗಿದೆ. ಇಂತಹ ವಿನಾಶರಹಿತ ಪರೀಕ್ಷೆಗಳು ಹಲವಿವೆ. ಇವುಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆಯನ್ನು ಆ ರೀತಿಯಲ್ಲಿ ಕೇಳಿದರೆ ಉತ್ತರವಿಲ್ಲ. ಪ್ರತಿಯೊಂದು ವಿಧಾನವೂ ಕೆಲವು ದೋಷಗಳನ್ನು ಕಾಣುತ್ತದೆ, ಕೆಲವಕ್ಕೆ ಕುರುಡಾಗಿರುತ್ತದೆ. ಲೋಹ ಯಾವುದು, ಅದರಲ್ಲಿ ಯಾವ ಬಗೆಯ ದೋಷವನ್ನು ನಿರೀಕ್ಷಿಸಬೇಕು, ಕೊಳವೆಯನ್ನು ಎಷ್ಟರಮಟ್ಟಿಗೆ ಶುಚಿಮಾಡಬಹುದು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಉತ್ತರಿಸಿಕೊಂಡರೆ ವಿಧಾನದ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. ಈ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಕೊಳವೆಗಳು ಕೆಡುವ ಬಗೆಗಳು

ಪರೀಕ್ಷೆಯ ದೃಷ್ಟಿಯಿಂದ ದೋಷಗಳನ್ನು ಅವುಗಳ ಆಕಾರಕ್ಕನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ವಿಶಾಲವಾದ ಪ್ರದೇಶದಲ್ಲಿ ಗೋಡೆ ಕ್ರಮಕ್ರಮವಾಗಿ ತೆಳುವಾಗುವುದು. ರಭಸವಾಗಿ ನುಗ್ಗುವ ನೀರು ಕೊಳವೆಯ ಬಾಯಿಯ ಬಳಿ ಲೋಹವನ್ನು ತೇಯುವುದೂ, ಕೊಳವೆಯು ಅದುರುತ್ತ ಆಧಾರಫಲಕಕ್ಕೆ ಉಜ್ಜಿಕೊಂಡು ಸವೆಯುವುದೂ ಈ ವರ್ಗದವು. ಎರಡನೆಯದು, ಸಣ್ಣ ಜಾಗದಲ್ಲಿ ಆಳವಾಗಿ ಇಳಿಯುವ ಗುಳಿ. ಕೊಳವೆಯೊಳಗೆ ಮಣ್ಣು, ಗಸಿ ಮೊದಲಾದುವು ಕೂತಲ್ಲಿ ಅವುಗಳಡಿಯಲ್ಲಿ ಇಂತಹ ಗುಳಿಗಳು ಬೆಳೆಯುತ್ತವೆ. ಕಳೆದುಹೋದ ಲೋಹದ ತೂಕ ಅತ್ಯಲ್ಪವಾದರೂ ಗೋಡೆ ತೂತಾಗಬಹುದು. ಮೂರನೆಯದು ಬಿರುಕು. ಲೋಹದಲ್ಲಿ ಉಳಿದಿರುವ ಬಿಗಿತವೂ ಸುತ್ತಣ ರಾಸಾಯನಿಕ ಪರಿಸರವೂ ಒಟ್ಟುಗೂಡಿದಾಗ ಸಂಕ್ಷಾರಣದ ಬಿರುಕುಗಳು ಹುಟ್ಟುತ್ತವೆ. ಸತತವಾದ ಅದುರಿನಿಂದ ಲೋಹ ದಣಿದು ಬಿರಿಯುವುದೂ ಉಂಟು. ಬಿರುಕಿನಲ್ಲಿ ಲೋಹವು ಬಹುಮಟ್ಟಿಗೆ ನಷ್ಟವಾಗಿರುವುದೇ ಇಲ್ಲ. ಕೂದಲೆಳೆಯಷ್ಟು ಸೀಳಿರುತ್ತದೆ, ಅಷ್ಟೆ. ಅದು ಕೊಳವೆಯ ಉದ್ದಕ್ಕೆ ಇರಬಹುದು, ಸುತ್ತಳತೆಯ ದಿಕ್ಕಿನಲ್ಲಿಯೂ ಇರಬಹುದು. ಈ ದಿಕ್ಕಿನ ಭೇದ ಪರೀಕ್ಷೆಯಲ್ಲಿ ಎಷ್ಟು ಮಹತ್ವದ್ದೆಂಬುದು ಮುಂದೆ ವೇದ್ಯವಾಗುತ್ತದೆ.

೩. ಸುಳಿಪ್ರವಾಹದ ವಿಧಾನ

ಅತ್ಯಂತ ಬಳಕೆಯಲ್ಲಿರುವ ವಿಧಾನಕ್ಕೆ ಆಧಾರವಾದ ತತ್ತ್ವ ಹಳೆಯದು. ವಿದ್ಯುತ್ ಪ್ರೇರಣೆಯನ್ನು ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದನು. ಪ್ರೇರಣೆಯ ಎರಡು ಸುರುಳಿಗಳನ್ನು ಸಮತೂಗಿಸಿ, ಅವುಗಳ ಸನಿಹಕ್ಕೆ ಬೇರೆ ಬೇರೆ ಲೋಹಗಳನ್ನು ತಂದು, ಲೋಹಗಳ ಭೇದವನ್ನು ಗುರುತಿಸಬಹುದೆಂದು ಡೇವಿಡ್ ಹ್ಯೂಸ್ ೧೮೭೯ರಲ್ಲಿ ತೋರಿಸಿದನು. ಆದರೆ ಅದು ಅಳತೆಯ ಶಾಸ್ತ್ರವಾಗಿ ಬೆಳೆದುದು ಬಹುಕಾಲದ ಮೇಲೆ, ಮುಖ್ಯವಾಗಿ ಜರ್ಮನಿಯ ಫ್ರೀಡ್ರಿಶ್ ಫೋರ್ಸ್ಟರನ ಕೆಲಸದಿಂದ.

ಕೊಳವೆಯೊಳಗೆ ಸರಿಯುವ ಶೋಧಕದಲ್ಲಿ ದಾರದ ಉಂಡೆಯಂತೆ ಸುತ್ತಿದ ಸುರುಳಿಯಿದೆ. ಅದರಲ್ಲಿ ಪರ್ಯಾಯ ವಿದ್ಯುತ್ಪ್ರವಾಹವನ್ನು ಹರಿಸಿದಾಗ ಸುತ್ತಣ ಗೋಡೆಯಲ್ಲಿಯೂ ವಿದ್ಯುತ್ತು ಸುಳಿಸುಳಿಯಾಗಿ ಹರಿಯುತ್ತದೆ. ಗೋಡೆ ತೆಳುವಾದರೆ, ಗುಳಿಬಿದ್ದರೆ, ಬಿರುಕುಬಿಟ್ಟರೆ, ಈ ಸುಳಿಪ್ರವಾಹದ ದಾರಿ ಕೆಡುತ್ತದೆ. ಅದರ ಪ್ರತಿಕ್ರಿಯೆಯಾಗಿ ಸುರುಳಿಯ ವಿದ್ಯುತ್ ಅಡಚಣೆಯೂ ಬದಲಾಗುತ್ತದೆ. ಬದಲಾವಣೆಯ ಪರಿಮಾಣವನ್ನೂ, ಪ್ರವಾಹವು ಎಷ್ಟು ಹಿಂದುಳಿಯಿತೆಂಬುದನ್ನು ತೋರಿಸುವ ಪ್ರಾವಸ್ಥೆಯನ್ನೂ ಒಟ್ಟಿಗೆ ಗುರುತಿಸಿದರೆ, ದೋಷವು ಒಳಮೈಯಲ್ಲಿದೆಯೋ ಹೊರಮೈಯಲ್ಲಿದೆಯೋ, ಎಷ್ಟು ಆಳವಾಗಿದೆ ಎಂಬುದನ್ನು ತಿಳಿಯಬಹುದು. ಶೋಧಕವು ಕೊಳವೆಯನ್ನು ಮುಟ್ಟಬೇಕಾಗಿಲ್ಲ. ನೀರು, ಎಣ್ಣೆಗಳ ಲೇಪ ಬೇಕಾಗಿಲ್ಲ. ಕೆಲಸ ಬೇಗ ಮುಗಿಯುತ್ತದೆ. ಒಂದು ಪಾಳಿಯಲ್ಲಿ ನೂರಾರು ಕೊಳವೆಗಳನ್ನು ನೋಡಲು ಸಾಧ್ಯ.

ಶೋಧಕವು ಕೊಳವೆಯ ಪೊಳ್ಳನ್ನು ಆದಷ್ಟು ತುಂಬಬೇಕು. ಸುರುಳಿಯ ವ್ಯಾಸದ ವರ್ಗವನ್ನು ಕೊಳವೆಯ ಒಳವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ತುಂಬುವಿಕೆಯ ಅಂಶವೆನ್ನಬಹುದು. ಹೊರವ್ಯಾಸ ೧೯.೦೫ ಮಿ.ಮೀ., ಗೋಡೆಯ ದಪ್ಪ ೨.೧೧ ಮಿ.ಮೀ. ಇರುವ ಕೊಳವೆಯ ಒಳವ್ಯಾಸ ೧೪.೮೩ ಮಿ.ಮೀ. ಅದರಲ್ಲಿ ೧೩.೭ ಮಿ.ಮೀ. ವ್ಯಾಸದ ಸುರುಳಿಯನ್ನಿಟ್ಟರೆ ಈ ಅಂಶ ಸುಮಾರು ೦.೮೫ ಆಗುತ್ತದೆ. ಇದಕ್ಕಿಂತ ಬಹಳ ಕಡಮೆಯಾದರೆ ಸಂಜ್ಞೆ ಕ್ಷೀಣಿಸುತ್ತದೆ. ಹೆಚ್ಚಿದರೆ, ತಗ್ಗುಬಿದ್ದ ಅಥವಾ ಗಸಿ ಕೂತ ಕೊಳವೆಗಳಲ್ಲಿ ಶೋಧಕ ಸಿಕ್ಕಿಕೊಳ್ಳುತ್ತದೆ.

೪. ಮೊದಲ ಪ್ರಶ್ನೆ: ಲೋಹ ಯಾವುದು?

ಸುಳಿಪ್ರವಾಹವು ಲೋಹದೊಳಕ್ಕೆ ಎಷ್ಟು ಆಳ ಇಳಿಯುತ್ತದೆಂಬುದಕ್ಕೆ ಒಂದು ನಿಯಮವಿದೆ. ಪ್ರವಾಹದ ಸಾಂದ್ರತೆ ಮೇಲ್ಮೈಯಲ್ಲಿದ್ದುದರ ಶೇಕಡ ೩೭ಕ್ಕೆ ಇಳಿಯುವ ಆಳವನ್ನು ವ್ಯಾಪನದ ಆಳವೆಂದು ಕರೆಯೋಣ. ಪ್ರವಾಹದ ಆವರ್ತಾಂಕ, ಲೋಹದ ವಿದ್ಯುದ್ವಾಹಕತೆ, ಲೋಹದ ಕಾಂತಪ್ರವೇಶ್ಯತೆ ಇವುಗಳ ಗುಣಲಬ್ಧದ ವರ್ಗಮೂಲಕ್ಕೆ ಈ ಆಳವು ವಿಲೋಮಾನುಪಾತದಲ್ಲಿದೆ. ಅಂದರೆ ಈ ಮೂರರಲ್ಲಿ ಯಾವುದು ಹೆಚ್ಚಿದರೂ ಪ್ರವಾಹ ಮೇಲ್ಮೈಗೆ ಅಂಟಿಕೊಳ್ಳುತ್ತದೆ.

ಎರಡು ಲೋಹಗಳನ್ನು ಹೋಲಿಸಿದರೆ ಇದರ ಅರ್ಥ ತಿಳಿಯುತ್ತದೆ. ಸೆಕೆಂಡಿಗೆ ಒಂದು ಲಕ್ಷ ಆವರ್ತಗಳ ಪ್ರವಾಹವನ್ನು ತೆಗೆದುಕೊಳ್ಳೋಣ. ಶೇಕಡ ೧೮ ಕ್ರೋಮಿಯಂ, ೮ ನಿಕಲ್ ಇರುವ, ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಉಕ್ಕಿನಲ್ಲಿ ವ್ಯಾಪನದ ಆಳ ಸುಮಾರು ೧.೩೫ ಮಿ.ಮೀ. ಸಾಮಾನ್ಯ ಇಂಗಾಲದ ಉಕ್ಕಿನ ಸಾಪೇಕ್ಷ ಕಾಂತಪ್ರವೇಶ್ಯತೆಯನ್ನು ೧೦೦ ಎಂದಿಟ್ಟುಕೊಂಡರೆ ಅದರಲ್ಲಿ ಈ ಆಳ ೦.೦೭ ಮಿ.ಮೀ.ನಷ್ಟು ಮಾತ್ರ. ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಗೋಡೆಯಲ್ಲಿ ಪ್ರವಾಹವು ಒಳಮೈಯ ತೊಗಲನ್ನಷ್ಟೇ ಸವರಿಕೊಂಡು ಹೋಗುತ್ತದೆ. ಹೊರಮೈಯಲ್ಲಿ ಮುಕ್ಕಾಲು ದಪ್ಪದ ಗುಳಿ ಬಿದ್ದಿದ್ದರೂ ಅದರ ಸುಳಿವು ಸುರುಳಿಗೆ ತಲಪುವುದಿಲ್ಲ. ಅಷ್ಟೇ ಅಲ್ಲದೆ, ಉಕ್ಕಿನ ಕಾಂತಪ್ರವೇಶ್ಯತೆ ಒಂದೇ ಕೊಳವೆಯಲ್ಲಿ ಸ್ಥಳದಿಂದ ಸ್ಥಳಕ್ಕೆ ಬದಲಾಗುವುದರಿಂದ ದೋಷವಿಲ್ಲದಲ್ಲಿಯೂ ಸಂಜ್ಞೆ ಏಳುತ್ತದೆ.

ಇಲ್ಲಿ ಗಮನಿಸಬೇಕಾದ ಅಪಾಯವೊಂದಿದೆ. ತಪ್ಪು ವಿಧಾನವನ್ನು ಆರಿಸಿದ ಪರೀಕ್ಷಕನಿಗೆ ತನ್ನ ತಪ್ಪು ತಾನಾಗಿ ಗೊತ್ತಾಗುವುದಿಲ್ಲ. ಉಪಕರಣವು ಕೆಲಸಮಾಡುತ್ತಲೇ ಇರುತ್ತದೆ. ದಾಖಲೆಯ ಗೆರೆ ಮೂಡುತ್ತಲೇ ಇರುತ್ತದೆ. ಹೊರಮೈಯ ದೋಷ ಕಾಣದಿರುವುದು ವರದಿಯಲ್ಲಿ ದೋಷವೇ ಇಲ್ಲವೆಂಬ ರೂಪವನ್ನು ತಾಳುತ್ತದೆ. ಆದುದರಿಂದ ಕೊಳವೆ ಕಾಂತಕ್ಕೆ ಅಂಟುವುದೇ ಎಂಬುದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ತಾಮ್ರ, ಹಿತ್ತಾಳೆ, ತಾಮ್ರ-ನಿಕಲ್ ಮಿಶ್ರಲೋಹ, ಟೈಟೇನಿಯಂ, ೧೮-೮ ಸ್ಟೇನ್‌ಲೆಸ್ ಉಕ್ಕು, ಇಂಕೊನೆಲ್, ಇಂಕೊಲಾಯ್ ಇವು ಅಂಟುವುದಿಲ್ಲ. ಇವುಗಳಿಗೆ ಸುಳಿಪ್ರವಾಹದ ವಿಧಾನ ಸರಿಹೊಂದುತ್ತದೆ. ಇಂಗಾಲದ ಉಕ್ಕು ಮತ್ತು ಕ್ರೋಮಿಯಂ-ಮಾಲಿಬ್ಡಿನಂ ಉಕ್ಕುಗಳಿಗೆ ಸರಿಹೊಂದುವುದಿಲ್ಲ.

ಇವೆರಡರ ನಡುವೆ ಮಾನೆಲ್-೪೦೦ರಂತಹ ಲೋಹಗಳಿವೆ. ಅದರ ಕಾಂತಗುಣ ಅಳಿಯುವ ಉಷ್ಣತೆಯು ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿಯೇ ಇರುವುದರಿಂದ ಅದು ದುರ್ಬಲವಾಗಿ ಅಂಟುತ್ತದೆ. ಭಾರತದಲ್ಲಿ ಆರಂಭದ ಕಾಲದಲ್ಲಿ ಕಟ್ಟಿದ ರಾಜಸ್ಥಾನ ಮತ್ತು ಮದರಾಸು ಪರಮಾಣು ಕೇಂದ್ರಗಳ ಉಗಿಜನಕಗಳಲ್ಲಿ ಈ ಲೋಹದ ಕೊಳವೆಗಳನ್ನು ಬಳಸಲಾಯಿತು. ಇಂತಹ ಕಡೆ ಶೋಧಕದಲ್ಲಿಯೇ ಬಲವಾದ ಕಾಂತವನ್ನು ಸೇರಿಸಿ, ಗೋಡೆಯ ಕಾಂತತ್ವವನ್ನು ತುಂಬುಮಟ್ಟಕ್ಕೆ ಏರಿಸಿಬಿಟ್ಟರೆ, ಲೋಹವು ಕಾಂತರಹಿತ ಲೋಹದಂತೆಯೇ ನಡೆದುಕೊಳ್ಳುತ್ತದೆ. ದಪ್ಪನಾದ ಸಾಮಾನ್ಯ ಉಕ್ಕಿನ ಗೋಡೆಯನ್ನು ಹೀಗೆ ತುಂಬಿಸುವಷ್ಟು ಪ್ರಬಲವಾದ ಕಾಂತವನ್ನು ಕಿರಿದಾದ ಕೊಳವೆಯೊಳಗೆ ಅಡಕಗೊಳಿಸುವುದು ಸುಲಭವಲ್ಲ.

೫. ಉಕ್ಕಿನ ಕೊಳವೆಗಳಿಗೆ ತಕ್ಕ ವಿಧಾನಗಳು

ಉಕ್ಕಿನಲ್ಲಿ ವ್ಯಾಪನದ ಆಳವನ್ನು ಹೆಚ್ಚಿಸಲು ಆವರ್ತಾಂಕವನ್ನು ತಗ್ಗಿಸಬೇಕು. ಮೇಲಿನ ನಿಯಮದಂತೆ ಸುಮಾರು ೨.೧ ಮಿ.ಮೀ. ಆಳವು ದೊರೆಯಬೇಕಾದರೆ ಸೆಕೆಂಡಿಗೆ ಏನಿದ್ದರೂ ನೂರು ಆವರ್ತಗಳ ಪ್ರವಾಹ ಬೇಕು. ಅಷ್ಟು ಕಡಮೆ ಆವರ್ತಾಂಕದಲ್ಲಿ ಒಂದೇ ಸುರುಳಿಯ ಸಾಮಾನ್ಯ ಶೋಧಕ ನಿಷ್ಪ್ರಯೋಜಕ. ಈ ತೊಡಕಿಗೆ ದೊರೆತ ಪರಿಹಾರವು ದೂರಕ್ಷೇತ್ರದ ವಿಧಾನ. ಇದರ ಬಗ್ಗೆ ಅಮೆರಿಕದಲ್ಲಿ ೧೯೫೧ರಲ್ಲಿಯೇ ಮ್ಯಾಕ್ಲೀನ್ ಎಂಬಾತನಿಗೆ ಪೇಟೆಂಟ್ ದೊರೆಯಿತು. ತೈಲಬಾವಿಗಳ ಉಕ್ಕಿನ ಕೊಳವೆಗಳಲ್ಲಿ ಅದನ್ನು ಮೊದಲು ಬಳಕೆಗೆ ತರಲಾಯಿತು.

ಇದರಲ್ಲಿ ಪ್ರೇರಕ ಸುರುಳಿಯಿಂದ ಕೊಳವೆಯ ವ್ಯಾಸದ ಎರಡು ಮೂರು ಪಟ್ಟು ದೂರದಲ್ಲಿ ಗ್ರಾಹಕ ಸುರುಳಿಯನ್ನಿಡುತ್ತಾರೆ. ಕೊಳವೆಯ ಪೊಳ್ಳಿನಲ್ಲಿ ನೇರವಾಗಿ ಬರುವ ಕಾಂತಕ್ಷೇತ್ರ ಅಷ್ಟು ದೂರಕ್ಕೆ ತಲಪುವಷ್ಟರಲ್ಲಿ ಅಳಿದುಹೋಗುತ್ತದೆ. ಆದರೆ ಪ್ರೇರಕದ ಬಳಿ ಗೋಡೆಯನ್ನು ದಾಟಿ ಹೊರಬಂದ ಕ್ಷೇತ್ರವು ಕೊಳವೆಯ ಹೊರಗಡೆಯೇ ಸಾಗಿ, ಮತ್ತೆ ಗೋಡೆಯನ್ನು ದಾಟಿ ಒಳಕ್ಕೆ ಬರುತ್ತದೆ. ಗ್ರಾಹಕಕ್ಕೆ ತಲಪುವುದು ಇದೇ. ಎರಡು ಬಾರಿ ಗೋಡೆಯನ್ನು ಹಾದುಬಂದ ಈ ಸಂಜ್ಞೆ ಎಷ್ಟು ಹಿಂದುಳಿದಿದೆಯೋ ಗೋಡೆ ಅಷ್ಟು ದಪ್ಪ. ಒಳಮೈಯ ದೋಷವೂ ಹೊರಮೈಯ ದೋಷವೂ ಸಮಾನವಾಗಿ ಕಾಣುತ್ತವೆ. ಆದರೆ ಸಮಾನವಾಗಿ ಕಾಣುವುದರಿಂದಲೇ, ದೋಷ ಯಾವ ಮೈಯಲ್ಲಿದೆಯೆಂದು ಹೇಳಲಾಗುವುದಿಲ್ಲ. ಸಂಜ್ಞೆ ಅತಿ ದುರ್ಬಲ. ಶೋಧಕವನ್ನು ನಿಧಾನವಾಗಿ ಎಳೆಯಬೇಕು. ಸಣ್ಣ ಗುಳಿಗಳು ತಪ್ಪಿಹೋಗುವ ಸಂಭವ ಹೆಚ್ಚು. ಉಕ್ಕಿನ ಆಧಾರಫಲಕಗಳು ಹೊರಗಿನ ಕ್ಷೇತ್ರಕ್ಕೆ ಅಡ್ಡಬರುವುದರಿಂದ ಅವುಗಳ ಬಳಿಯ ಅಳತೆ ಕಠಿಣ.

ನಮ್ಮ ದೇಶದಲ್ಲಿ ಈ ವಿಧಾನಕ್ಕೆ ವಿಶೇಷ ಮಹತ್ವ ಬಂದುದು ಕಲ್ಪಾಕ್ಕಂನ ಶೀಘ್ರ ರಿಯಾಕ್ಟರಿನ ಸಂದರ್ಭದಲ್ಲಿ. ಅದರ ಉಗಿಜನಕಗಳ ಕೊಳವೆಗಳೊಳಗೆ ನೀರೂ ಉಗಿಯೂ ಹರಿಯುತ್ತವೆ, ಹೊರಗೆ ಕಾದ ಸೋಡಿಯಂ. ಇವೆರಡೂ ಸಂಧಿಸಿದರೆ ಉಗ್ರವಾದ ರಾಸಾಯನಿಕ ಕ್ರಿಯೆ ನಡೆದು ಜಲಜನಕ ಹೊರಬರುತ್ತದೆ. ಕೊಳವೆಗಳಿಗೆ ಆರಿಸಿದುದು ಶೇಕಡ ೯ ಕ್ರೋಮಿಯಂ, ೧ ಮಾಲಿಬ್ಡಿನಂ ಇರುವ ಉಕ್ಕು. ಅದು ಕಾಂತಕ್ಕೆ ಅಂಟುತ್ತದೆ. ಒಂದೊಂದು ಕೊಳವೆಯ ಉದ್ದ ಸುಮಾರು ೨೩ ಮೀಟರು, ಹೊರವ್ಯಾಸ ೧೭.೨ ಮಿ.ಮೀ., ಗೋಡೆ ೨.೩ ಮಿ.ಮೀ. ಆದಕಾರಣ ಅಲ್ಲಿನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ದೂರಕ್ಷೇತ್ರದ ವಿಧಾನವನ್ನು ಈ ಕೊಳವೆಗಳಿಗೆ ಅಳವಡಿಸಲು ದೀರ್ಘಕಾಲ ಶ್ರಮಿಸಿದರು. ಉಷ್ಣದಿಂದ ಹಿಗ್ಗುವುದಕ್ಕೆ ಅನುಕೂಲವಾಗುವಂತೆ ಕೊಳವೆಯಲ್ಲಿ ಬಿಟ್ಟಿರುವ ಬಾಗು, ಹೊರಮೈಗೆ ಅಂಟಿ ಉಳಿಯುವ ಸೋಡಿಯಂ, ಇವು ಎಬ್ಬಿಸುವ ಸುಳ್ಳು ಸಂಜ್ಞೆಗಳನ್ನು ನಿಜವಾದ ದೋಷದ ಸಂಜ್ಞೆಯಿಂದ ಬೇರ್ಪಡಿಸುವುದೇ ಆ ಕೆಲಸದ ಮುಖ್ಯ ಭಾಗವಾಗಿತ್ತು.

ಉಕ್ಕಿಗೆ ಇನ್ನೊಂದು ವಿಧಾನ ಕಾಂತಪ್ರವಾಹದ ಸೋರಿಕೆಯನ್ನು ಗುರುತಿಸುವುದು. ಶೋಧಕದ ಕಾಂತವು ಗೋಡೆಯನ್ನು ಕಾಂತಬಲರೇಖೆಗಳಿಂದ ತುಂಬುತ್ತದೆ. ಗುಳಿ ಅಥವಾ ಅಡ್ಡಸೀಳು ಬಂದಲ್ಲಿ ರೇಖೆಗಳು ಗೋಡೆಯಿಂದ ಹೊರಚೆಲ್ಲುತ್ತವೆ. ಅಂಚು ಚೂಪಾಗಿರುವ ದೋಷಗಳಿಗೆ ಇದು ಚುರುಕು. ಕ್ರಮೇಣ ತೆಳುವಾಗುವ ಗೋಡೆಗೆ ಮಂದ. ದೂರಕ್ಷೇತ್ರದ ವಿಧಾನ ಹೆಚ್ಚುಕಡಮೆ ಇದಕ್ಕೆ ವಿರುದ್ಧವಾದುದರಿಂದ ಇವೆರಡೂ ಒಂದಕ್ಕೊಂದು ಪೂರಕವೆನ್ನಬಹುದು. ಗಾಳಿಯಿಂದ ತಣಿಸುವ ಯಂತ್ರಗಳಲ್ಲಿ ಉಕ್ಕಿನ ಕೊಳವೆಯ ಹೊರಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಸುತ್ತಿರುತ್ತಾರೆ. ಆ ರೆಕ್ಕೆಗಳು ದೂರಕ್ಷೇತ್ರದ ಹಾದಿಯನ್ನು ಮುಚ್ಚುತ್ತವೆ. ಅಂತಹ ಕಡೆ ಸೋರಿಕೆಯ ವಿಧಾನವೇ ಹೆಚ್ಚು ಉಪಯುಕ್ತ.

೬. ಧ್ವನಿಯ ಪ್ರತಿಫಲನದಿಂದ ಅಳೆಯುವುದು

ಲೋಹದ ವಿದ್ಯುದ್ಗುಣಗಳಿಗಾಗಲಿ ಕಾಂತಗುಣಗಳಿಗಾಗಲಿ ಒಳಪಡದ ವಿಧಾನವೂ ಇದೆ. ಕೊಳವೆಯಲ್ಲಿ ನೀರು ತುಂಬಿ, ಶೋಧಕದಿಂದ ಶ್ರವಣಾತೀತ ಧ್ವನಿಯ ಸ್ಪಂದಗಳನ್ನು ಕೊಳವೆಯ ಅಕ್ಷದ ದಿಕ್ಕಿನಲ್ಲಿ ಹೊರಡಿಸುತ್ತಾರೆ. ನಲವತ್ತೈದು ಡಿಗ್ರಿ ಓರೆಯಾಗಿಟ್ಟ ಕನ್ನಡಿಯೊಂದು ಅವುಗಳನ್ನು ಗೋಡೆಗೆ ಲಂಬವಾಗಿ ತಿರುಗಿಸುತ್ತದೆ. ನೀರಿನ ಒತ್ತಡದಿಂದಲೇ ಸಣ್ಣ ಚಕ್ರವೊಂದು ಸುತ್ತಿ ಕನ್ನಡಿಯನ್ನು ತಿರುಗಿಸುವುದರಿಂದ ಇಡೀ ಸುತ್ತಳತೆಯ ಅಳತೆ ದೊರೆಯುತ್ತದೆ. ಒಳಮೈಯಿಂದ ಒಂದು, ಹೊರಮೈಯಿಂದ ಒಂದು ಪ್ರತಿಧ್ವನಿ ಮರಳುತ್ತವೆ. ಅವುಗಳ ನಡುವಣ ಕಾಲದಿಂದ ದಪ್ಪವನ್ನು ಕಂಡುಕೊಳ್ಳಬಹುದು. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೫,೯೦೦ ಮೀಟರು. ಎರಡು ಮಿಲಿಮೀಟರ್ ಗೋಡೆಯನ್ನು ಹೋಗಿಬರುವುದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತುಲಕ್ಷದ ಒಂದು ಭಾಗದಲ್ಲಿ ೦.೬೮ರಷ್ಟು. ಇಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯುವುದರಿಂದ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು ನಿಖರವಾಗಿ ತಿಳಿಯುತ್ತದೆ.

ಈ ನಿಖರತೆಗೆ ತೆರಬೇಕಾದ ಬೆಲೆ ಮೂರು ಬಗೆಯದು. ಕೊಳವೆಯ ಒಳಮೈ ಲೋಹ ಕಾಣುವಂತೆ ಶುಚಿಯಾಗಿರಬೇಕು; ಗಸಿಯ ಪದರ ಉಳಿದಲ್ಲಿ ಪ್ರತಿಧ್ವನಿ ಚದುರಿಹೋಗುತ್ತದೆ. ಪರೀಕ್ಷೆಗಿಂತ ಶುಚಿಮಾಡುವ ಕೆಲಸವೇ ದೊಡ್ಡದಾಗುವುದು ಅಪರೂಪವಲ್ಲ. ಎರಡನೆಯದಾಗಿ ಕೆಲಸ ನಿಧಾನ. ಮೂರನೆಯದಾಗಿ, ಗೋಡೆಗೆ ಲಂಬವಾಗಿ ಇಳಿಯುವ ಬಿರುಕು ಧ್ವನಿಯ ಹಾದಿಗೆ ಸಮಾಂತರವಾಗಿಯೇ ಇರುವುದರಿಂದ ಪ್ರತಿಧ್ವನಿಯನ್ನು ಕೊಡುವುದಿಲ್ಲ. ಆದ್ದರಿಂದ ಈ ವಿಧಾನವು ತೆಳುವಾದುದನ್ನು ಅಳೆಯುತ್ತದೆ, ಬಿರುಕನ್ನು ಹುಡುಕುವುದಿಲ್ಲ. ಗೋಡೆ ಒಂದು ಮಿಲಿಮೀಟರಿಗಿಂತ ಬಹಳ ತೆಳುವಾಗಿದ್ದರೆ ಎರಡು ಪ್ರತಿಧ್ವನಿಗಳೂ ಒಂದರಮೇಲೊಂದು ಬಿದ್ದು ಅಳತೆ ಸಂದಿಗ್ಧವಾಗುತ್ತದೆ.

ನೀರಿನ ಒತ್ತಡದ ಪರೀಕ್ಷೆ, ಹೀಲಿಯಂ ಅನಿಲದ ಸೋರಿಕೆ ಪರೀಕ್ಷೆ ಇವೂ ಬಳಕೆಯಲ್ಲಿವೆ. ಇವು ಇಂದು ಸೋರುತ್ತಿರುವ ಕೊಳವೆಯನ್ನು ತಪ್ಪದೆ ತೋರಿಸುತ್ತವೆ. ಆದರೆ ಮುಕ್ಕಾಲು ಪಾಲು ಸವೆದು ನಾಳೆ ಸೋರಲಿರುವ ಕೊಳವೆ ಇಂದಿನ ಒತ್ತಡವನ್ನು ತಡೆದುಕೊಂಡು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು.

೭. ಎರಡನೆಯ ಪ್ರಶ್ನೆ: ದೋಷದ ದಿಕ್ಕು

ಕಾಂತರಹಿತ ಕೊಳವೆಗೆ ಸುಳಿಪ್ರವಾಹದ ವಿಧಾನವನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದಾರದುಂಡೆಯ ಸುರುಳಿಯಲ್ಲಿ ತಂತಿ ಕೊಳವೆಯ ಸುತ್ತಳತೆಗೆ ಸಮಾಂತರವಾಗಿದೆ. ಆದುದರಿಂದ ಗೋಡೆಯಲ್ಲಿ ಪ್ರೇರಿತವಾದ ಪ್ರವಾಹವೂ ಸುತ್ತಳತೆಯ ದಿಕ್ಕಿನಲ್ಲಿಯೇ ಹರಿಯುತ್ತದೆ. ಉದ್ದಕ್ಕೆ ಬಿಟ್ಟ ಬಿರುಕು ಅದರ ಹಾದಿಗೆ ಅಡ್ಡಬರುತ್ತದೆ, ಕಾಣುತ್ತದೆ. ಸುತ್ತಳತೆಯ ದಿಕ್ಕಿನಲ್ಲಿ ಬಿಟ್ಟ ಬಿರುಕಿನ ಪಕ್ಕದಲ್ಲಿ ಪ್ರವಾಹವು ಅಡೆಯಿಲ್ಲದೆ ಸಾಗಿಹೋಗುತ್ತದೆ. ಕೊಳವೆಯನ್ನು ಎರಡು ತುಂಡುಮಾಡಬಲ್ಲ ದೋಷ ಎರಡನೆಯದು. ಸಾಮಾನ್ಯ ಶೋಧಕಕ್ಕೆ ಕಾಣದೆ ಉಳಿಯುವುದೂ ಅದೇ. ಇದಕ್ಕಾಗಿ ಗೋಡೆಗೆ ಒತ್ತಿಕೊಂಡು ತಿರುಗುವ ಚಿಕ್ಕ ಸುರುಳಿಗಳ ಶೋಧಕವನ್ನೋ, ಸುತ್ತಲೂ ಸಾಲಾಗಿ ಜೋಡಿಸಿದ ಅನೇಕ ಸುರುಳಿಗಳ ಶೋಧಕವನ್ನೋ ಬಳಸಬೇಕು. ತಿರುಗುವ ಶೋಧಕ ಬಹಳ ನಿಧಾನ. ಆದ್ದರಿಂದ ಬಿರುಕು ಹುಟ್ಟುವ ಸಂಭವವಿರುವ ಜಾಗಗಳಿಗೆ, ಎಂದರೆ ತುದಿಫಲಕದ ಅಂಚು, ಬಿಗಿಯಾದ ಬಾಗುಗಳು ಮುಂತಾದುವಕ್ಕೆ, ಅದನ್ನು ಮೀಸಲಿಡುತ್ತಾರೆ.

ಇದೇ ರೀತಿ ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳ ವ್ಯತ್ಯಾಸವನ್ನು ಮಾತ್ರ ದಾಖಲಿಸುವ ಏರ್ಪಾಡು ಗುಳಿಯನ್ನು ತಟ್ಟನೆ ತೋರಿಸುತ್ತದೆ; ಆದರೆ ಕ್ರಮೇಣ ತೆಳುವಾಗುವ ಗೋಡೆಯಲ್ಲಿ ಎರಡು ಸುರುಳಿಗಳೂ ಒಂದನ್ನೇ ಕಾಣುವುದರಿಂದ ವ್ಯತ್ಯಾಸ ಶೂನ್ಯವಾಗುತ್ತದೆ. ಆದಕಾರಣ ಒಂದು ಸುರುಳಿಯನ್ನು ದೂರದ ಸ್ಥಿರಮಾದರಿಯೊಡನೆ ಹೋಲಿಸುವ ಏರ್ಪಾಡನ್ನೂ ಜೊತೆಗಿಟ್ಟುಕೊಳ್ಳತಕ್ಕದ್ದು.

೮. ಇಂಡಿಯನ್ ಪಾಯಿಂಟ್ ಕೇಂದ್ರದ ನಿದರ್ಶನ

ಸರಿಯಾದ ವಿಧಾನವನ್ನೇ ಆರಿಸಿದರೂ ಅದರ ಮಿತಿಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಘಟನೆ ನಿದರ್ಶನವಾಗಿದೆ. ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಡದಲ್ಲಿದ್ದ ಇಂಡಿಯನ್ ಪಾಯಿಂಟ್ ಪರಮಾಣು ಕೇಂದ್ರದ ಎರಡನೆಯ ಘಟಕದಲ್ಲಿ ೨೦೦೦ದ ಫೆಬ್ರವರಿ ೧೫ರಂದು ಉಗಿಜನಕದ ಕೊಳವೆಯೊಂದು ಸೀಳಿತು. ರಿಯಾಕ್ಟರನ್ನು ನಿಲ್ಲಿಸಬೇಕಾಯಿತು. ಸಾರ್ವಜನಿಕರಿಗೆ ಹಾನಿಯಾಗಲಿಲ್ಲವಾದರೂ, ಉಗಿಜನಕಗಳನ್ನೆಲ್ಲ ಬದಲಾಯಿಸಿದ ಮೇಲೆಯೇ ಘಟಕವು ಮರಳಿ ಕೆಲಸಮಾಡಿತು. ೨೦೨೦ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಲಾಯಿತು.

ಸೀಳಿದುದು ಎರಡನೆಯ ಸಾಲಿನ, ಅಂದರೆ ಅತ್ಯಂತ ಬಿಗಿಯಾದ ಬಾಗುಗಳಲ್ಲಿ ಒಂದಾದ, ಕೊಳವೆ. ಸೀಳಿದ ಜಾಗ ಬಾಗಿನ ನೆತ್ತಿ. ಕಾರಣ, ಒಳಮೈಯಲ್ಲಿ ಹುಟ್ಟಿದ ಸಂಕ್ಷಾರಣದ ಬಿರುಕು. ಕೊಳವೆಗಳನ್ನು ೧೯೯೭ರಲ್ಲಿ ಸುಳಿಪ್ರವಾಹದಿಂದ ಪರೀಕ್ಷಿಸಲಾಗಿತ್ತು. ಆ ದಾಖಲೆಗಳನ್ನು ಘಟನೆಯ ತರುವಾಯ ಮತ್ತೆ ತೆಗೆದು ನೋಡಿದಾಗ ಬಿರುಕಿನ ಸುಳಿವು ಆಗಲೇ ಅದರಲ್ಲಿದ್ದುದು ಕಂಡುಬಂದಿತು. ಬಾಗಿನ ವಕ್ರತೆಯಿಂದಲೂ ಹೊರಮೈಗೆ ಅಂಟಿದ್ದ ಪದಾರ್ಥಗಳಿಂದಲೂ ಎದ್ದ ಅಪಸಂಜ್ಞೆಗಳ ಗದ್ದಲದಲ್ಲಿ ಅದು ಮುಳುಗಿಹೋಗಿತ್ತು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಕೊಳವೆಯ ಬಾಗಿನಲ್ಲಿ ಇಂತಹದೇ ಬಿರುಕು ಪತ್ತೆಯಾಗಿತ್ತು. ಅಂತಹ ದೋಷ ಅಲ್ಲಿ ಹುಟ್ಟಬಲ್ಲದೆಂದು ತಿಳಿದ ಮೇಲೆ, ಗದ್ದಲ ಹೆಚ್ಚಾಗಿದ್ದ ದಾಖಲೆಗಳನ್ನು ದೋಷರಹಿತವೆಂದು ಎಣಿಸುವುದಕ್ಕೆ ಆಧಾರವಿರಲಿಲ್ಲ.

೨೦೦೦ದಲ್ಲಿ ಮತ್ತೆ ಪರೀಕ್ಷಿಸುವಾಗ ಬಾಗುಗಳಿಗೆ ಸೆಕೆಂಡಿಗೆ ನಾಲ್ಕು ಲಕ್ಷಕ್ಕೆ ಬದಲಾಗಿ ಎಂಟು ಲಕ್ಷ ಆವರ್ತಗಳ ಶೋಧಕವನ್ನು ಬಳಸಲಾಯಿತು. ಇದರ ಕಾರಣ ಮೇಲೆ ಹೇಳಿದ ನಿಯಮದಿಂದಲೇ ತಿಳಿಯುತ್ತದೆ. ಆ ನಿಕಲ್ ಮಿಶ್ರಲೋಹದಲ್ಲಿ ವ್ಯಾಪನದ ಆಳವು ಮೊದಲನೆಯದಕ್ಕೆ ಸುಮಾರು ೦.೮ ಮಿ.ಮೀ., ಎರಡನೆ‌ಯದಕ್ಕೆ ೦.೬ ಮಿ.ಮೀ.ಗಿಂತ ಸ್ವಲ್ಪ ಕಡಮೆ. ಗೋಡೆಯ ದಪ್ಪ ೧.೨೭ ಮಿ.ಮೀ. ಹೆಚ್ಚಿನ ಆವರ್ತಾಂಕದ ಪ್ರವಾಹ ಒಳಮೈಯ ಬಳಿಯೇ ನಿಲ್ಲುವುದರಿಂದ ಹೊರಮೈಯ ಪದಾರ್ಥಗಳ ಗದ್ದಲ ತಗ್ಗಿ ಒಳಮೈಯ ಬಿರುಕು ಎದ್ದುಕಾಣುತ್ತದೆ. ಉಕ್ಕಿನ ವಿಷಯದಲ್ಲಿ ತೊಡಕಾದ ಗುಣವೇ ಇಲ್ಲಿ ಅನುಕೂಲವಾಯಿತು. ಹುಡುಕುವ ದೋಷ ಎಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಮಾತ್ರ ಆವರ್ತಾಂಕವನ್ನು ನಿರ್ಧರಿಸಲು ಸಾಧ್ಯ.

೯. ಆಯ್ಕೆಯ ಕ್ರಮ

ಇದುವರೆಗೆ ಹೇಳಿದುದನ್ನು ಮೂರು ಸಂದರ್ಭಗಳಿಗೆ ಅನ್ವಯಿಸಿ ನೋಡೋಣ.

(ಅ) ಹಿತ್ತಾಳೆ ಕೊಳವೆಗಳ ಕಂಡೆನ್ಸರು. ಇಲ್ಲಿ ಉಗಿಯ ಜೊತೆಗೆ ಬರುವ ಅಮೋನಿಯ, ಆಧಾರಫಲಕಗಳ ಪಕ್ಕದಲ್ಲಿ ಹೊರಮೈಯನ್ನು ಕಾಲುವೆಯಂತೆ ಕೊರೆಯುವುದುಂಟು. ಲೋಹ ಕಾಂತಕ್ಕೆ ಅಂಟದು, ಸುಳಿಪ್ರವಾಹವೇ ತಕ್ಕದ್ದು. ೧.೨ ಮಿ.ಮೀ. ಗೋಡೆಯಾದರೆ ವ್ಯಾಪನದ ಆಳ ಅಷ್ಟೇ ಆಗುವುದಕ್ಕೆ ಸೆಕೆಂಡಿಗೆ ಸುಮಾರು ೧೨,೦೦೦ ಆವರ್ತಗಳು ಸಾಕು. ಆದರೆ ಆಧಾರಫಲಕದ ಸಂಜ್ಞೆಯಲ್ಲಿ ದೋಷದ ಸಂಜ್ಞೆ ಅಡಗಿಹೋಗದಂತೆ, ಎರಡು ಆವರ್ತಾಂಕಗಳಲ್ಲಿ ಒಮ್ಮೆಗೇ ಪರೀಕ್ಷಿಸಿ, ಒಂದರಿಂದ ಇನ್ನೊಂದನ್ನು ತಕ್ಕ ಪ್ರಮಾಣದಲ್ಲಿ ಕಳೆದು, ಫಲಕದ ಸಂಜ್ಞೆಯನ್ನು ಅಳಿಸಬೇಕು.

(ಆ) ಉಕ್ಕಿನ ಕೊಳವೆಗಳ ತೈಲದ ಕೂಲರು. ಒಳಗೆ ತಂಪುನೀರು ಹರಿದು ಗಸಿಯಡಿಯಲ್ಲಿ ಗುಳಿಗಳು ಬಿದ್ದಿರುವ ಸಂಭವವಿದೆ. ಮೊದಲು ದೂರಕ್ಷೇತ್ರದಿಂದಲೋ ಕಾಂತಸೋರಿಕೆಯಿಂದಲೋ ಎಲ್ಲ ಕೊಳವೆಗಳನ್ನೂ ಶೋಧಿಸಿ, ಸಂದೇಹಕ್ಕೆಡೆಯಾದುವನ್ನು ಮಾತ್ರ ರಭಸವಾದ ನೀರಿನ ಧಾರೆಯಿಂದ ತೊಳೆದು, ಶ್ರವಣಾತೀತ ಧ್ವನಿಯಿಂದ ಅಳೆಯುವುದು ಮಿತವ್ಯಯದ ಮಾರ್ಗ.

(ಇ) ನಿಕಲ್ ಮಿಶ್ರಲೋಹದ ಉಗಿಜನಕ. ಪೂರ್ಣ ಉದ್ದಕ್ಕೆ ದಾರದುಂಡೆಯ ಸುರುಳಿ. ತುದಿಫಲಕದ ಅಂಚಿಗೂ ಬಿಗಿಯಾದ ಬಾಗುಗಳಿಗೂ ತಿರುಗುವ ಶೋಧಕ. ಅಮೆರಿಕದ ಪರಮಾಣು ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗೋಡೆ ಶೇಕಡ ೪೦ರಷ್ಟು ಸವೆದ ಕೊಳವೆಗಳ ಬಾಯಿಗೆ ಬೆಣೆಯಿಟ್ಟು ಮುಚ್ಚುವುದು ರೂಢಿ.

ಮೂರು ಸಂದರ್ಭಗಳಲ್ಲಿಯೂ ಅದೇ ಲೋಹದ, ಅದೇ ಅಳತೆಯ ಕೊಳವೆಯೊಂದರಲ್ಲಿ ಗೊತ್ತಾದ ಆಳಕ್ಕೆ ದೋಷಗಳನ್ನು ಕೃತಕವಾಗಿ ಕೊರೆದು, ಅವು ಕಾಣುತ್ತವೆಯೇ ಎಂದು ಮೊದಲು ನೋಡತಕ್ಕದ್ದು. ಕೊರೆದ ರಂಧ್ರವನ್ನು ಕಾಣುವ ಶೋಧಕ ಬಿರುಕನ್ನೂ ಕಾಣುವುದೆಂದು ಭಾವಿಸಬಾರದು. ಸಾಧ್ಯವಾದಲ್ಲಿ ಕೆಟ್ಟ ಕೊಳವೆಯೊಂದನ್ನು ಹೊರಕ್ಕೆಳೆದು, ಸೀಳಿ, ದಾಖಲೆಯೊಡನೆ ಹೋಲಿಸುವುದಕ್ಕಿಂತ ಉತ್ತಮವಾದ ಪಾಠ ಬೇರೆಯಿಲ್ಲ.

ಎಷ್ಟು ಕೊಳವೆಗಳನ್ನು ನೋಡಬೇಕೆಂಬುದೂ ಆಯ್ಕೆಯ ಭಾಗವೇ. ಸಾವಿರ ಕೊಳವೆಗಳಲ್ಲಿ ಐದು ಕೆಟ್ಟಿವೆಯೆಂದೂ, ನೂರನ್ನು ಯಾದೃಚ್ಛಿಕವಾಗಿ ಆರಿಸಿ ಪರೀಕ್ಷಿಸಿದೆವೆಂದೂ ಇಟ್ಟುಕೊಳ್ಳೋಣ. ಒಂದೊಂದು ಕೆಟ್ಟ ಕೊಳವೆಯೂ ತಪ್ಪಿಸಿಕೊಳ್ಳುವ ಸಂಭಾವ್ಯತೆ ೦.೯, ಐದೂ ತಪ್ಪಿಸಿಕೊಳ್ಳುವುದು ಇದರ ಐದನೆಯ ಘಾತ, ಸುಮಾರು ೦.೫೯. ಪರೀಕ್ಷೆಯ ವಿಧಾನ ಎಷ್ಟೇ ನಿರ್ದುಷ್ಟವಾಗಿರಲಿ, ಅರ್ಧಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಎಲ್ಲವೂ ಕ್ಷೇಮವೆಂಬ ವರದಿಯೇ ಬರುತ್ತದೆ.

೧೦. ಉಪಸಂಹಾರ

ಪರೀಕ್ಷೆಯು ಇಂದಿನ ಸ್ಥಿತಿಯನ್ನು ಹೇಳುತ್ತದೆ. ಅದರ ಆಧಾರದ ಮೇಲೆ ನಾವು ಮುಂದಿನ ಕಾಲದ ಬಗ್ಗೆ ತೀರ್ಮಾನ ಮಾಡುತ್ತೇವೆ. ಉತ್ತರ ಕನ್ನಡ ಜಿಲ್ಲೆಯ ಕೈಗಾ ಪರಮಾಣು ಕೇಂದ್ರದ ಒಂದನೆಯ ಘಟಕವು ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್ ೩೧ರ ವರೆಗೆ, ೯೬೨ ದಿನಗಳ ಕಾಲ, ಎಡೆಬಿಡದೆ ನಡೆಯಿತು. ಅದರ ಉಗಿಜನಕಗಳಲ್ಲಿ ಇಂಕೊಲಾಯ್-೮೦೦ರ ಕೊಳವೆಗಳಿವೆ. ಯಂತ್ರ ನಡೆಯುತ್ತಿರುವಾಗ ಶೋಧಕವನ್ನು ಒಳಕ್ಕೆ ಕಳುಹಿಸಲಾಗುವುದಿಲ್ಲ. ಇಂತಹ ದೀರ್ಘ ಅವಧಿಗಳಲ್ಲಿ ಕೊಳವೆಗಳ ಬಗ್ಗೆ ನಮಗಿರುವ ಭರವಸೆಯು ಲೋಹದ ಆಯ್ಕೆ, ನೀರಿನ ಶುದ್ಧಿ, ಹಿಂದಿನ ಪರೀಕ್ಷೆಯ ದಾಖಲೆ ಇವುಗಳನ್ನು ಅವಲಂಬಿಸಿದೆ. ಇನ್ನು ಕೆಲವು ದೋಷಗಳು ಪರೀಕ್ಷೆಯ ನಡುವಣ ಅವಧಿಯಲ್ಲಿಯೇ ಹುಟ್ಟಿ ಬೆಳೆದುಬಿಡುತ್ತವೆ. ಜಪಾನಿನ ಮಿಹಾಮಾ ಕೇಂದ್ರದ ಎರಡನೆಯ ಘಟಕದಲ್ಲಿ ೧೯೯೧ರ ಫೆಬ್ರವರಿ ೯ರಂದು ಕೊಳವೆ ತುಂಡಾದುದಕ್ಕೆ ಅದುರನ್ನು ತಡೆಯುವ ಪಟ್ಟಿಗಳನ್ನು ಯೋಜಿಸಿದಷ್ಟು ಒಳಕ್ಕೆ ಸೇರಿಸದಿದ್ದುದೇ ಕಾರಣವಾಗಿತ್ತು. ಲೋಹದ ದಣಿವಿನ ಬಿರುಕು ಶೀಘ್ರವಾಗಿ ಬೆಳೆಯತಕ್ಕದ್ದು. ಅದಕ್ಕೆ ಮದ್ದು ಸರಿಯಾದ ಜೋಡಣೆಯೇ ಹೊರತು ಹೆಚ್ಚಿನ ಪರೀಕ್ಷೆಯಲ್ಲ.

ಆದುದರಿಂದ ಪರೀಕ್ಷೆಯ ವರದಿಯಲ್ಲಿ ಕಂಡ ದೋಷಗಳ ಪಟ್ಟಿಯಷ್ಟೇ ಮುಖ್ಯವಾಗಿ ಮತ್ತೊಂದು ಪಟ್ಟಿಯೂ ಇರಬೇಕು: ಬಳಸಿದ ವಿಧಾನ ಯಾವ ದೋಷವನ್ನು ಕಾಣಲಾರದು, ಯಾವ ಕೊಳವೆಗಳಲ್ಲಿ ಶೋಧಕ ಸಾಗಲಿಲ್ಲ, ಯಾವ ದಾಖಲೆಯಲ್ಲಿ ಗದ್ದಲ ಹೆಚ್ಚಾಗಿತ್ತು. ದೋಷ ಕಾಣಲಿಲ್ಲವೆಂಬ ವಾಕ್ಯಕ್ಕೂ ದೋಷವಿಲ್ಲವೆಂಬ ವಾಕ್ಯಕ್ಕೂ ಇರುವ ಅಂತರವನ್ನು ಈ ಎರಡನೆಯ ಪಟ್ಟಿಯೊಂದೇ ತಿಳಿಸಬಲ್ಲದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಒಂದು ಹಿತ್ತಾಳೆಯ, ಒಂದು ಉಕ್ಕಿನ ಕೊಳವೆಯ ಹೊರಮೈಯಲ್ಲಿ ಸಮಾನವಾದ ಗುಳಿಗಳನ್ನು ಕೊರೆದು, ಒಂದೇ ಸುರುಳಿಯನ್ನು ಎರಡರಲ್ಲಿಯೂ ಎಳೆದುನೋಡಲು ವಿದ್ಯಾರ್ಥಿಗಳಿಗೆ ಅವಕಾಶವಿತ್ತರೆ, ಈ ಲೇಖನದ ಸಾರಾಂಶವೆಲ್ಲವೂ ಅವರಿಗೆ ಒಂದು ಗಂಟೆಯಲ್ಲಿ ಮನದಟ್ಟಾಗುವುದು.